ರೆಕ್ಕೆಯೊಳಗಿನ ನೀರು

ಸಣ್ಣ ವಿಮಾನದ ಹೊಟ್ಟೆಯ ಅಡಿಯಲ್ಲೂ ರೆಕ್ಕೆಗಳ ಕೆಳಮೈಯಲ್ಲೂ ತೂತುಗಳಿರುತ್ತವೆ. ಬೆಂಕಿಕಡ್ಡಿ ಹೋಗುವಷ್ಟು ಸಣ್ಣವು. ಸವೆದು ಬಿದ್ದ ತೂತುಗಳಲ್ಲ, ವಿಮಾನ ಕಟ್ಟಿದವರು ಬೇಕೆಂದೇ ಕೊರೆದವು. ಇದನ್ನು ನನ್ನ ತಂಗಿ ನನಗೆ ಹೇಳಿದ್ದಳು. ನಾನು ಹೂಂಗುಟ್ಟಿದ್ದೆ, ಕೇಳಿಸಿಕೊಂಡಿರಲಿಲ್ಲ.

ನಮ್ಮ ಮನೆ ಮಂಜಗುಣಿಯಲ್ಲಿ, ಗಂಗಾವಳಿ ಸಮುದ್ರಕ್ಕೆ ಸೇರುವ ಜಾಗದ ಹತ್ತಿರ. ಅಪ್ಪ ದೋಣಿಯವನು, ನಾನೂ ದೋಣಿಯವನೇ. ಏಳನೆಯ ತರಗತಿ ಮುಗಿದ ಮೇಲೆ ನಾನು ಶಾಲೆಯ ಕಡೆ ಹೋಗಲಿಲ್ಲ. ಕೆಲವು ವರ್ಷ ಬಲೆ ಎಳೆದು, ಆಮೇಲೆ ದೋಣಿಯ ಹಿಂದೆ ಕಟ್ಟುವ ಎಂಜಿನ್ನುಗಳ ರಿಪೇರಿ ಕಲಿತೆ. ತಂಗಿ ನನಗಿಂತ ಬಹಳ ಸಣ್ಣವಳು. ಅಪ್ಪ ತೀರಿಕೊಂಡಾಗ ಅವಳಿನ್ನೂ ಹೈಸ್ಕೂಲಿಗೆ ಹೋಗುತ್ತಿದ್ದಳು. ಓದಿನಲ್ಲಿ ಚುರುಕು. ಕಾರವಾರದ ಕಡೆಯಿಂದ ನೌಕಾಪಡೆಯ ಹೆಲಿಕಾಪ್ಟರು ಬಂದರೆ ಉಳಿದ ಮಕ್ಕಳೆಲ್ಲ ಕೈ ಬೀಸುತ್ತಿದ್ದವು. ಇವಳು ಮಾತ್ರ ಕತ್ತು ಮೇಲೆ ಮಾಡಿ ಸುಮ್ಮನೆ ನಿಂತು, ಅದು ಹೋದ ಮೇಲೆ ನನ್ನ ಹತ್ತಿರ ಬಂದು ಅದರ ಬಾಲದಲ್ಲಿರುವ ಸಣ್ಣ ಪಂಕ ಎಂತಕ್ಕೆ ಎಂದು ಕೇಳುತ್ತಿದ್ದಳು. ನನಗೆ ಗೊತ್ತಿರುತ್ತಿರಲಿಲ್ಲ. ಏನಾದರೊಂದು ಹೇಳಿ ಕಳಿಸುತ್ತಿದ್ದೆ. ಗೊತ್ತಿಲ್ಲ ಎನ್ನುವ ಮಾತು ಅವಳ ಮುಂದೆ ನನ್ನ ಬಾಯಲ್ಲಿ ಬಂದದ್ದೇ ಇಲ್ಲ.

ಪಿಯುಸಿ ಆದ ಮೇಲೆ ಅವಳು ವಿಮಾನ ರಿಪೇರಿ ಕಲಿಯಬೇಕು ಎಂದಾಗ ನಮ್ಮನ್ನು ಹೆತ್ತ ಆಯಿ ಅತ್ತಳು, ನೆರೆಮನೆಯವರು ನಕ್ಕರು. ನಾನು ಕಳಿಸಿದೆ. ಘಟ್ಟದ ಮೇಲಿನ ಒಂದು ಶಹರದಲ್ಲಿ ಓದಿ ಬಂದಳು. ಲೈಸೆನ್ಸಿಗೆ ಇನ್ನೂ ಕೆಲವು ಪರೀಕ್ಷೆ ಬಾಕಿ ಇತ್ತು. ಅಷ್ಟರಲ್ಲಿ ಶಿರವಾಡದಲ್ಲಿ ಒಂದು ಖಾಸಗಿ ತಾಂತ್ರಿಕ ಶಾಲೆ ಶುರುವಾಗಿ, ಅಲ್ಲಿ ಅವಳಿಗೆ ಕಲಿಸುವ ಕೆಲಸ ಸಿಕ್ಕಿತು. ಆ ಶಾಲೆಯವರು ಹಾರಾಟ ನಿಲ್ಲಿಸಿದ್ದ ಹಳೆಯ ವಿಮಾನವೊಂದನ್ನು ಎಲ್ಲಿಂದಲೋ ಕೊಂಡು, ರೆಕ್ಕೆ ಬಿಚ್ಚಿ ಲಾರಿಯ ಮೇಲೆ ಹೇರಿಸಿ ತಂದಿದ್ದರು. ಒಂದೇ ಎಂಜಿನ್ನಿನ, ನಾಲ್ಕು ಜನ ಕೂರುವ ವಿಮಾನ. ಅದು ಇನ್ನು ಹಾರುವುದಿಲ್ಲ. ಆದರೆ ಎಂಜಿನ್ ನಡೆಯಬೇಕು, ರೆಕ್ಕೆ ಬಾಲದ ಪಟ್ಟಿಗಳೆಲ್ಲ ಆಡಬೇಕು, ಮಕ್ಕಳು ಅದನ್ನು ಬಿಚ್ಚಿ ಜೋಡಿಸಿ ಕಲಿಯಬೇಕು. ಅದರ ಇಡೀ ಜವಾಬ್ದಾರಿ ತಂಗಿಯದು.

ಅವಳು ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದದ್ದು ಬೇಸಿಗೆಯಲ್ಲಿ. ತಗಡಿನ ಮಾಡಿನ, ಪಡುವಣ ಬದಿಗೆ ಗೋಡೆಯಿಲ್ಲದ ದೊಡ್ಡ ಶೆಡ್ಡು. ಒಳಗೆ ಬಿಳಿ ಬಣ್ಣದ ವಿಮಾನ ನಿಂತಿತ್ತು. ನಾನು ಬೆರಳ ಗೆಣ್ಣಿನಿಂದ ಅದರ ಮೈ ತಟ್ಟಿದೆ. ಟಣ್ ಎಂದಿತು.

“ಇದು ಡಬ್ಬಿ ಅಲ್ದಾ ಮಾರಾಯ್ತಿ. ಇದ್ರಲ್ಲಿ ಕೂತು ಮನುಷ್ಯರು ಮೇಲೆ ಹೋಗ್ತ್ರಾ?” ಎಂದೆ.

“ಡಬ್ಬಿನೇ ದಾದಾ. ಡಬ್ಬಿ ಒಳಗೆ ಎಂತಾ ಅದೆ ನೋಡು ಬಾ” ಎಂದು ರೆಕ್ಕೆಯ ಕೆಳಗಿದ್ದ ಗುಂಡನೆಯ ಮುಚ್ಚಳವೊಂದನ್ನು ತಿರುಪು ಬಿಚ್ಚಿ ತೆಗೆದು ಟಾರ್ಚು ಬಿಟ್ಟಳು.

ಒಳಗೆ ದೋಣಿಯೇ ಇತ್ತು. ಉದ್ದಕ್ಕೆ ಒಂದು ದಪ್ಪ ತೊಲೆ, ಅದಕ್ಕೆ ಅಡ್ಡವಾಗಿ ಸಾಲಾಗಿ ಪಕ್ಕೆಲುಬುಗಳು, ಅವುಗಳ ಮೇಲೆ ತೆಳ್ಳಗಿನ ಅಲ್ಯೂಮಿನಿಯಂ ತಗಡು. ಮರ, ಮೊಳೆ ಇಲ್ಲ ಅಷ್ಟೆ. ಎಲ್ಲ ಕಡೆ ಸಣ್ಣ ಗುಂಡು ತಲೆಯ ರಿವೆಟ್ಟುಗಳು. ಭಾರ ಹೊರುವುದು ತೊಲೆ ಮಾತ್ರವಲ್ಲ, ಈ ತಗಡೂ ಹೊರುತ್ತದೆ, ಆದ್ದರಿಂದ ತಗಡು ಕೊಳೆತರೆ ರೆಕ್ಕೆಯೇ ಹೋದ ಹಾಗೆ ಎಂದು ಅವಳು ಹೇಳಿದಳು. ರೆಕ್ಕೆಯ ಹಿಂಬದಿಯಲ್ಲಿ ಬಾಗಿಲಿನ ಹಾಗೆ ಆಡುವ ಪಟ್ಟಿಗಳಿದ್ದವು. ಸೀಟಿನ ಎದುರಿನ ಹಿಡಿಚಕ್ರ ತಿರುಗಿಸಿದರೆ ಒಂದು ಬದಿಯದು ಏಳುತ್ತದೆ, ಇನ್ನೊಂದು ಬದಿಯದು ಇಳಿಯುತ್ತದೆ. ಸೀಟಿನಿಂದ ಬಾಲದವರೆಗೆ ಉಕ್ಕಿನ ತಂತಿಹಗ್ಗಗಳು ರಾಟೆಗಳ ಮೇಲೆ ಹಾದುಹೋಗಿದ್ದವು. ಬಾಲದ ಚುಕ್ಕಾಣಿಯನ್ನು ಕಾಲಲ್ಲಿ ತುಳಿದು ತಿರುಗಿಸಬೇಕು ಎಂದಾಗ ನನಗೆ ನಗು ಬಂತು. ಚುಕ್ಕಾಣಿ ಹಿಡಿಯುವವನ ಕೈಗೆ ಎಂತಾ ರೋಗ ಬಂದದೆ ಎಂದು ಕೇಳಿದೆ. ಅವಳೂ ನಕ್ಕಳು.

ಎಂಜಿನ್ ನೋಡಿದ ಮೇಲೆ ನಾನು ಮತ್ತೇನನ್ನೂ ಸರಿಯಾಗಿ ನೋಡಲಿಲ್ಲ. ಅಕ್ಕಪಕ್ಕಕ್ಕೆ ಮಲಗಿದ ಸಿಲಿಂಡರುಗಳು. ನಮ್ಮ ದೋಣಿ ಎಂಜಿನ್ ಸಮುದ್ರದ ನೀರು ಕುಡಿದು ತಣ್ಣಗಾಗುತ್ತದೆ, ಇದಕ್ಕೆ ನೀರೇ ಬೇಡ, ಗಾಳಿ ಸಾಕು. ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್ಗು, ಕಿಡಿ ಕೊಡಲು ಎರಡು ಬೇರೆ ಬೇರೆ ಮ್ಯಾಗ್ನೆಟೊ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ, ಬ್ಯಾಟರಿ ಸತ್ತರೂ ಎಂಜಿನ್ ಸಾಯುವುದಿಲ್ಲ. ಪೆಟ್ರೋಲು ಇರುವುದು ರೆಕ್ಕೆಗಳ ಒಳಗಿನ ಟಾಕಿಯಲ್ಲಿ. ಪಂಪು ಬೇಡ, ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಟಾಕಿಯ ಅಡಿಯಿಂದ ಸ್ವಲ್ಪ ಎಣ್ಣೆ ಗಾಜಿನ ಲೋಟಕ್ಕೆ ಇಳಿಸಿ ತಳದಲ್ಲಿ ನೀರು ಕೂತಿದೆಯೇ ಎಂದು ನೋಡಬೇಕಂತೆ. ನಾವು ಸೀಮೆಎಣ್ಣೆಗೆ ಮಾಡುವುದೂ ಅದನ್ನೇ. ಅಷ್ಟು ಕೇಳಿದ್ದೇ ನನಗೆ ಇಡೀ ವಿಮಾನ ತಿಳಿದುಹೋಯಿತು ಎನ್ನಿಸಿತು. ಮಕ್ಕಳ ಎದುರು ಕಾರ್ಬ್ಯುರೇಟರಿನ ಬಗ್ಗೆ ನಾನೇ ಎರಡು ಮಾತು ಹೇಳಿದೆ. ತಂಗಿ ಪ್ರಿನ್ಸಿಪಾಲರನ್ನು ಕರೆದು, “ನಮ್ ದಾದಾ ಸರ್, ಎಂಜಿನ್ ಸದ್ದು ಕೇಳಿಯೇ ರೋಗ ಹೇಳ್ತಾನೆ” ಎಂದಳು. ಅವಳ ಮುಖ ಅರಳಿತ್ತು. ಪ್ರಿನ್ಸಿಪಾಲರು ನನ್ನ ಕೈ ಕುಲುಕಿದರು. ನನ್ನ ಕೈಯನ್ನು ಅದಕ್ಕೂ ಮುಂಚೆ ಯಾರೂ ಕುಲುಕಿರಲಿಲ್ಲ.

ಆ ಮಳೆಗಾಲದಲ್ಲಿ ತಂಗಿ ಬಾಕಿ ಪರೀಕ್ಷೆಗಳಿಗೂ, ವಿಮಾನಗಳಿರುವ ಕಡೆ ಕೆಲಸದ ತರಬೇತಿಗೂ ಮತ್ತೆ ಘಟ್ಟ ಹತ್ತಬೇಕಾಯಿತು. ಮಳೆ ಮುಗಿಯುತ್ತಿದ್ದಂತೆ ಶಾಲೆಗೆ ಮೇಲಿನವರು ಪರಿಶೀಲನೆಗೆ ಬರುವವರಿದ್ದರು. ಅವರು ಒಪ್ಪಿದರೆ ಮಾತ್ರ ಶಾಲೆಗೆ ಮಾನ್ಯತೆ, ತಂಗಿಗೆ ಕಾಯಂ ಕೆಲಸ. ಅಲ್ಲಿಯವರೆಗೆ ವಿಮಾನ ನೋಡಿಕೊಳ್ಳುವವರು ಬೇಕು. ಮಳೆಗಾಲದಲ್ಲಿ ನಮಗೆ ಕಡಲಿಗೆ ಇಳಿಯುವಂತಿಲ್ಲ, ಕೈ ಖಾಲಿ. ತಂಗಿಯೇ ನನ್ನ ಹೆಸರು ಹೇಳಿದಳು.

ಹೊರಡುವ ಮೊದಲು ಅವಳು ಗಡಿಬಿಡಿಯಲ್ಲಿ ವಿಮಾನದ ಸುತ್ತ ತಿರುಗುತ್ತ ನನಗೆ ಒಂದೊಂದೇ ಹೇಳಿದಳು. ಗಾಲಿಗಳ ಗಾಳಿ ಇಳಿದರೆ ತುಂಬಿಸು. ಕೀಲುಗಳಿಗೆ ಎಣ್ಣೆ ಬಿಡು. ಕೂರುವ ಜಾಗದ ಮೇಲೆ ಹೊದಿಸಿದ ತಾಡಪಾಲು ಗಾಳಿಗೆ ಹಾರದ ಹಾಗೆ ಕಟ್ಟು. ರೆಕ್ಕೆಯ ಮುಂದೆ ಚಾಚಿಕೊಂಡಿರುವ ಈ ನಳಿಗೆಯ ಬಾಯಿಗೆ ಬಟ್ಟೆಯ ಚೀಲ ಬಿಗಿ. ಹಾರುವಾಗ ಇದರೊಳಗೆ ಗಾಳಿ ನುಗ್ಗಿದರೆ ತಾನೆ ವೇಗ ಎಷ್ಟು ಎಂದು ಮುಳ್ಳು ತೋರಿಸುವುದು, ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿದರೆ ಮುಗಿಯಿತು. ಆಮೇಲೆ ಅವಳು ರೆಕ್ಕೆಯ ಕೆಳಗೆ ನಿಂತು ಕೈ ಮೇಲೆತ್ತಿ ಒಂದು ಸಣ್ಣ ತಂತಿಯನ್ನು ಅಲ್ಲಲ್ಲಿ ಚುಚ್ಚುತ್ತ ಏನೋ ಹೇಳಿದಳು. ಮಳೆ ಬಂದಾಗ ಅಡಿಯಿಂದ ನೀರು ತೊಟ್ಟಿಕ್ಕಿದರೆ ಗಾಬರಿಯಾಗಬೇಡ, ಮೇಲಿನ ಸಂದಿಗಳಿಂದ ಒಳಗಿಳಿದ ನೀರು ತೊಟ್ಟಿಕ್ಕಲೇಬೇಕು ಎಂದು ಅವಳು ಹೇಳಿದ್ದು ಆಗಲೇ. ಆ ಹೊತ್ತಿಗೆ ನಾನು ಎಂಜಿನ್ನಿನ ಮುಚ್ಚಳ ಎತ್ತಿ ಒಳಗೆ ನೋಡುತ್ತಿದ್ದೆ.

“ಕೇಳಿಸ್ತಾ ದಾದಾ?”

“ಕೇಳಿಸ್ತು ಮಾರಾಯ್ತಿ. ನಂಗೆ ಎಂಜಿನ್ನು ಹೊಸದಾ?”

ನಾಲ್ಕಾರು ದಿನಕ್ಕೊಮ್ಮೆ ನಾನು ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಶಿರವಾಡದ ಶೆಡ್ಡಿನಲ್ಲಿ ಅರ್ಧ ದಿನ ಇದ್ದು ಬರುತ್ತಿದ್ದೆ. ಮೊದಲ ದೊಡ್ಡ ಮಳೆ ಹಿಡಿದು ಬಿಡದೆ ಸುರಿಯುವಾಗ ಒಮ್ಮೆ ಹೋದೆ. ತಗಡಿನ ಮಾಡು ಅಲ್ಲಲ್ಲಿ ಸೋರುತ್ತಿತ್ತು, ತೆರೆದ ಬದಿಯಿಂದ ಗಾಳಿಯ ಜೊತೆ ಇರಚಲು ಒಳಗೆ ಹೊಡೆಯುತ್ತಿತ್ತು. ವಿಮಾನದ ಕೆಳಗೆ ನೆಲವೆಲ್ಲ ಒದ್ದೆ. ಅಡಿಗೆ ಹೋಗಿ ನೋಡಿದರೆ ರೆಕ್ಕೆಯ ಕೆಳಗೆ, ಹೊಟ್ಟೆಯ ಕೆಳಗೆ, ಬಾಲದ ತುದಿಯಲ್ಲಿ, ಎಲ್ಲ ಕಡೆ ತೂತು, ಎಲ್ಲ ತೂತುಗಳಲ್ಲೂ ನೀರಿನ ಹನಿ.

ದೋಣಿಯ ಮನೆಯಲ್ಲಿ ಹುಟ್ಟಿದವನಿಗೆ ಅಡಿಯಲ್ಲಿರುವ ತೂತು ಎಂದರೆ ಒಂದೇ ಅರ್ಥ. ಅಲ್ಲಿಂದ ನೀರು ಒಳಗೆ ಬರುತ್ತದೆ. ಅಲ್ಲಿಂದ ಹೊರಗೆ ಹೋಗುತ್ತದೆ ಎಂಬುದು ತಲೆಗೆ ಬರುವುದೇ ಇಲ್ಲ, ಏಕೆಂದರೆ ದೋಣಿಯ ನೀರು ನಾವು ಮೊಗೆದು ಚೆಲ್ಲಿದರೆ ಮಾತ್ರ ಹೊರಗೆ ಹೋಗುವುದು. ಮೇಲಾಗಿ ಅದು ನಮ್ಮಲ್ಲಿ ತೂತು ಮುಚ್ಚುವ ಕಾಲ. ಮಳೆಗಾಲದಲ್ಲಿ ದೋಣಿಗಳನ್ನು ದಂಡೆಗೆ ಎಳೆದು, ಮಗುಚಿ ಹಾಕಿ, ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿ ತುರುಕಿ, ರಾಳವನ್ನು ಎಣ್ಣೆಯಲ್ಲಿ ಕಲಸಿ ಮೆತ್ತುತ್ತೇವೆ. ಒಂದು ಕೂದಲೆಳೆಯ ಸಂದಿ ಬಿಟ್ಟರೂ ಹಿರಿಯರು ಬೈಯುತ್ತಾರೆ. ಹಿಂದಿನ ದಿನವೆಲ್ಲ ನಾನು ಅದೇ ಕೆಲಸ ಮಾಡಿದ್ದೆ, ಉಗುರಿನ ಸಂದಿಯಲ್ಲಿ ಇನ್ನೂ ರಾಳ ಇತ್ತು. ತಂಗಿ ಒಂದು ನಳಿಗೆಯ ಬಾಯಿ ಮುಚ್ಚು ಎಂದವಳು ಈ ಇಷ್ಟು ತೂತುಗಳನ್ನು ಮರೆತು ಹೋಗಿದ್ದಾಳೆ ಎಂದುಕೊಂಡೆ. ಫೋನು ಮಾಡಿ ಕೇಳಬಹುದಿತ್ತು. ಆಗ ನನ್ನ ಹತ್ತಿರವೂ ಮೊಬೈಲು ಇತ್ತು. ಎಂಜಿನ್ ಬಲ್ಲ ಅಣ್ಣ ಒಂದು ತೂತಿನ ಬಗ್ಗೆ ತಂಗಿಯನ್ನು ಕೇಳುವುದೇ ಎಂದು ಕೇಳಲಿಲ್ಲ.

ಮುಂದಿನ ಸಲ ಹೋಗುವಾಗ ಹತ್ತಿ, ರಾಳ ಒಯ್ದೆ. ಮೀನಿನ ಪೆಟ್ಟಿಗೆಯ ಮೇಲೆ ನಿಂತು ರೆಕ್ಕೆಗಳ ತೂತು ಮುಚ್ಚಿದೆ. ಅಂಗಾತ ಮಲಗಿ ಹೊಟ್ಟೆಯ ತೂತು ಮುಚ್ಚಿದೆ. ಬಾಲದ ತುದಿಯದನ್ನೂ ಬಿಡಲಿಲ್ಲ. ಹೆಬ್ಬೆರಳಿನಿಂದ ಒತ್ತಿ, ನಯ ಮಾಡಿ, ಮೇಲೆ ಬಿಳಿ ಬಣ್ಣ ಬಳಿದೆ. ಒಳ್ಳೆಯ ಕೆಲಸ. ಅಷ್ಟು ಒಳ್ಳೆಯ ಕೆಲಸವನ್ನು ನಮ್ಮ ದೋಣಿಗೂ ನಾನು ಮಾಡಿರಲಿಲ್ಲ. ಮುಂದಿನ ಮಳೆಗಳಲ್ಲಿ ವಿಮಾನದ ಕೆಳಗಿನ ನೆಲ ಒಣಗಿಯೇ ಇತ್ತು. ಪ್ರಿನ್ಸಿಪಾಲರು ಬಂದು ನೋಡಿ, ನಿಮ್ಮ ತಂಗಿ ಇದ್ದಾಗಲೂ ಇಷ್ಟು ಚೊಕ್ಕ ಇರಲಿಲ್ಲ ಎಂದರು.

ಆಷಾಢ ಕಳೆಯುವ ಹೊತ್ತಿಗೆ ವಿಮಾನದ ಮೂತಿ ಸ್ವಲ್ಪ ಮೇಲೆದ್ದ ಹಾಗೆ ಕಂಡಿತು. ಮುಂದಿನ ಗಾಲಿಯ ಕಾಲಿನಲ್ಲಿ ಗಾಳಿ ಮತ್ತು ಎಣ್ಣೆ ತುಂಬಿರುತ್ತದೆ, ಅದು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ ಎಂದು ತಂಗಿ ಹೇಳಿದ್ದು ನೆನಪಿತ್ತು. ಅದರಲ್ಲೇ ಏನೋ ಹೆಚ್ಚುಕಡಿಮೆ ಎಂದುಕೊಂಡೆ. ಬಾಲ ಭಾರವಾದದ್ದರಿಂದ ಮೂತಿ ಏಳುತ್ತಿದೆ ಎಂದು ತಿಳಿಯಲಿಲ್ಲ. ದೋಣಿಯಲ್ಲಾದರೆ ಹಿಂದಿನ ತುದಿ ತಗ್ಗಿದ್ದೇ ಮೊದಲು ನೀರು ತುಂಬಿದೆಯೇ ಎಂದು ನೋಡುತ್ತಿದ್ದೆ. ಇಲ್ಲಿ ಮರಳು ತುಂಬಿದ ಒಂದು ಚೀಲವನ್ನು ಮೂತಿಗೆ ನೇತು ಹಾಕಿ ಮನೆಗೆ ಬಂದೆ. ಆಮೇಲೆ ದೋಣಿಗಳು ಕಡಲಿಗೆ ಇಳಿದವು, ರಿಪೇರಿ ಕೆಲಸ ಜೋರಾಯಿತು, ಶಿರವಾಡಕ್ಕೆ ಹೋಗುವುದು ಕಡಿಮೆಯಾಯಿತು.

ಚೌತಿ ಮುಗಿದ ಮೇಲೆ ತಂಗಿ ಫೋನು ಮಾಡಿದಳು. ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಎರಡು ದಿನದಲ್ಲಿ ಬರುವವಳಿದ್ದಳು. ಆಯಿ ಪಾಯಸ ಮಾಡಿದಳು. ನಾನು ವಿಮಾನವನ್ನು ತೊಳೆದು ಒರೆಸಿ ಇಡೋಣ ಎಂದು ಹೋದೆ. ಬಾಲದ ತುದಿಯಲ್ಲಿ ಬಣ್ಣ ಎದ್ದು ಒಳಗಿನ ರಾಳ ಹಳದಿಯಾಗಿ ಚಂದ ಕಾಣಲಿಲ್ಲ. ಕಿತ್ತು ಹೊಸದು ಹಾಕಲು ಚಾಕುವಿನ ತುದಿಯಿಂದ ಎಬ್ಬಿಸಿದೆ.

ನೀರು ಚಿಮ್ಮಿ ನನ್ನ ಎದೆಯ ಮೇಲೆ ಬಿತ್ತು. ಬೂದು ಬಣ್ಣದ ನೀರು, ಅದರಲ್ಲಿ ಸುಣ್ಣದಂಥ ಬಿಳಿ ಪುಡಿ. ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಮೂತಿ ನಿಧಾನವಾಗಿ ಕೆಳಗಿಳಿಯಿತು. ಆಗ ಅವಳು ತಂತಿ ಚುಚ್ಚುತ್ತ ಹೇಳಿದ್ದ ಮಾತು, ಅಷ್ಟು ದಿನ ಎಲ್ಲಿತ್ತೋ, ಪೂರ್ತಿಯಾಗಿ ನೆನಪಾಯಿತು.

ಒಂದೊಂದೇ ತೂತು ಬಿಚ್ಚಿದೆ. ಎಲ್ಲದರಿಂದಲೂ ನೀರು. ಆಮೇಲೆ ನಾನು ಮಾಡಿದ್ದೇ ನನ್ನ ನಿಜವಾದ ತಪ್ಪು. ರಾಳವನ್ನು ಚೂರೂ ಬಿಡದೆ ಕೆರೆದೆ. ಸೀಮೆಎಣ್ಣೆ ಬಟ್ಟೆಯಿಂದ ತೂತುಗಳ ಬಾಯಿ ಒರೆಸಿದೆ. ಮೂತಿಗೆ ಕಟ್ಟಿದ್ದ ಮರಳಿನ ಚೀಲ ಬಿಚ್ಚಿದೆ, ನೆಲದ ನೀರನ್ನು ಕಸಬರಿಗೆಯಿಂದ ಚರಂಡಿಗೆ ತಳ್ಳಿದೆ. ಕಿತ್ತ ಹತ್ತಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ಹೊಳೆಗೆ ಎಸೆದೆ.

ತಂಗಿ ಬಂದವಳು ಊಟವನ್ನೂ ಸರಿಯಾಗಿ ಮಾಡದೆ ನನ್ನನ್ನು ಕರೆದುಕೊಂಡು ಶಿರವಾಡಕ್ಕೆ ಹೊರಟಳು. ಒಳಗೆ ಕೂತು ಹಿಡಿಚಕ್ರ ತಿರುಗಿಸಿ ನೋಡಿದಳು, ರೆಕ್ಕೆಯ ಪಟ್ಟಿ ಅರ್ಧಕ್ಕೆ ನಿಂತು ಕಿರುಗುಟ್ಟಿತು. ಗುಂಡು ಮುಚ್ಚಳ ತೆಗೆದು ಟಾರ್ಚು ಬಿಟ್ಟಳು. ಬಹಳ ಹೊತ್ತು ತಲೆ ಈಚೆಗೆ ತೆಗೆಯಲಿಲ್ಲ. ನನಗೂ ನೋಡು ಎಂದಳು. ಪಕ್ಕೆಲುಬುಗಳ ಮೇಲೆ ಬಿಳಿ ಪುಡಿ ಹೂವಿನ ಹಾಗೆ ಎದ್ದಿತ್ತು. ತಗಡು ತಗಡಿನ ನಡುವೆ ಉಬ್ಬಿ, ಕೆಲವು ರಿವೆಟ್ಟುಗಳ ತಲೆ ಹಾರಿದ್ದವು. ತಂತಿಹಗ್ಗಕ್ಕೆ ತುಕ್ಕು, ರಾಟೆಗಳು ಗಟ್ಟಿ. ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದಕ್ಕೆ ಒಳಗೆ ಉದ್ದಕ್ಕೂ ಗೆರೆ ಎಳೆದ ಹಾಗೆ ಗುರುತು. ಮಳೆಯ ನೀರಿನ ಜೊತೆ ಕಡಲ ಗಾಳಿಯ ಉಪ್ಪೂ ಸೇರಿ ತಿಂಗಳುಗಟ್ಟಲೆ ತಿಂದಿತ್ತು. ಹಳೆಯ ವಿಮಾನ ಬೇರೆ.

ಅವಳು ಕೆಳಗೆ ಬಗ್ಗಿ ತೂತುಗಳನ್ನು ನೋಡಿದಳು. ಎಲ್ಲ ತೆರೆದೇ ಇದ್ದವು. ಎದ್ದು ನಿಂತು ನನ್ನ ಕಡೆ ತಿರುಗಿದಳು.

“ದಾದಾ, ಮಳೆ ಬಂದಾಗ ಅಡಿಗೆ ನೀರು ತೊಟ್ಟಿಕ್ತಿತ್ತಾ?”

ಅದೊಂದೇ ಪ್ರಶ್ನೆ ಕೇಳಿದ್ದು. ನಾನು ಹೇಳಬೇಕಾದದ್ದನ್ನು ಹೇಳಲು ಅದಕ್ಕಿಂತ ನೇರವಾದ ದಾರಿ ಯಾರೂ ಮಾಡಿಕೊಡಲಾರರು.

“ನಾ ಅಷ್ಟು ಲಕ್ಷ್ಯ ಕೊಟ್ಟು ನೋಡ್ಲಿಲ್ಲ” ಎಂದೆ.

ಅವಳು ನೆಲದ ಮೇಲೆ ಕುಳಿತಳು. ಘಟ್ಟಕ್ಕೆ ಹೊರಡುವ ಮೊದಲು ತಾನು ತಂತಿ ಹಾಕಿ ಎಲ್ಲ ತೂತು ಬಿಡಿಸಿದ್ದು ತನಗೆ ನೆನಪಿದೆ, ಆದರೆ ಬಿಡಿಸಿದ್ದರೆ ನೀರು ಹೇಗೆ ನಿಲ್ಲುತ್ತಿತ್ತು, ಗಡಿಬಿಡಿಯಲ್ಲಿ ಬರೀ ಮೇಲೆಮೇಲೆ ಚುಚ್ಚಿರಬೇಕು, ಕೆಸರು ಕೂತಿದ್ದಿರಬೇಕು, ಆಮೇಲೆ ತಾನಾಗಿ ಬಿಟ್ಟಿರಬೇಕು ಎಂದು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿದಳು. ನಾನು ಎದುರಿಗೇ ನಿಂತಿದ್ದೆ. ಕೊನೆಗೆ ಅವಳೇ ನನ್ನನ್ನು ಸಮಾಧಾನ ಮಾಡಿದಳು. ನೀನು ಬೇಜಾರು ಮಾಡಿಕೊಳ್ಳಬೇಡ, ನಿನಗೆ ಹೇಳಿದ ಕೆಲಸ ನೀನು ಮಾಡಿದ್ದೀಯ ಎಂದಳು.

ಪರಿಶೀಲನೆಗೆ ಬಂದವರು ಒಂದು ಮುಚ್ಚಳ ತೆಗೆದು ನೋಡಿದವರು ಎರಡನೆಯದನ್ನು ತೆಗೆಯಲಿಲ್ಲವಂತೆ. ಅವರು ಹೋದ ಮೇಲೆ ಪ್ರಿನ್ಸಿಪಾಲರು ಎಲ್ಲ ಮೇಷ್ಟ್ರುಗಳ ಎದುರು, “ನಾಲ್ಕು ತೂತು ನೋಡ್ಕೊಳ್ಳೂಕೆ ಆಗದವಳು ಮಕ್ಕಳಿಗೆ ಎಂತಾ ಕಲಿಸ್ತಾಳೆ” ಎಂದರು. ತಂಗಿ ತಪ್ಪು ತನ್ನದೇ ಎಂದು ಒಪ್ಪಿಕೊಂಡು ಕೆಲಸ ಬಿಟ್ಟು ಬಂದಳು. ಶಾಲೆಯವರು ವಿಮಾನ ಕಲಿಸುವುದನ್ನೇ ಬಿಟ್ಟು, ಬೈಕು ರಿಪೇರಿ ಕಲಿಸತೊಡಗಿದರು. ವಿಮಾನವನ್ನು ಗುಜರಿಯವರು ತುಂಡು ಮಾಡಿ ಒಯ್ದ ದಿನ ತಂಗಿ ನೋಡಲು ಹೋಗಿದ್ದಳು. ಬಂದು, ರೆಕ್ಕೆ ಬಿಚ್ಚೂಕೆ ಅವ್ರಿಗೆ ಗೊತ್ತೇ ಇಲ್ಲ ದಾದಾ, ಕೆಲವೇ ಬೋಲ್ಟು ಇರೂದು, ಕೊಡಲಿಯಲ್ಲಿ ಕಡಿದ್ರು ಎಂದಳು.

ಆಗಲಾದರೂ ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಹೇಳಿದ್ದರೆ ನನಗೆ ಯಾರೂ ಏನೂ ಮಾಡುತ್ತಿರಲಿಲ್ಲ. ದೋಣಿಯವನು, ಅವನಿಗೆ ಎಲ್ಲಿ ತಿಳಿಯಬೇಕು ಎಂದು ನಕ್ಕು ಬಿಡುತ್ತಿದ್ದರು. ಆ ನಗುವಿಗೆ ಹೆದರಿದೆ. ಅವಳೂ ಹಾಗೆಯೇ ನನ್ನನ್ನು ನೋಡಿಬಿಟ್ಟರೆ ಎಂದು ಹೆದರಿದೆ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಗಲಿಲ್ಲ.

ಮುಂದಿನ ವರ್ಷ ಅವಳನ್ನು ತೋಡೂರಿಗೆ ಮದುವೆ ಮಾಡಿ ಕೊಟ್ಟೆವು. ಭಾವ ನೌಕಾನೆಲೆಯ ಕಾಮಗಾರಿಯಲ್ಲಿ ಗುತ್ತಿಗೆಯವರ ಹತ್ತಿರ ಕೆಲಸಕ್ಕಿದ್ದ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸ್ವಲ್ಪ ಸಡಿಲ. ತಂಗಿ ಕಾರವಾರದ ಒಂದು ಮಂಜುಗಡ್ಡೆ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದಳು. ಪಕ್ಕದ ಕೋಣೆಯಲ್ಲೇ ಯಂತ್ರಗಳು ನಡೆಯುತ್ತಿದ್ದರೂ ಆ ಕಡೆ ಹೋಗುತ್ತಿರಲಿಲ್ಲವಂತೆ. ಒಮ್ಮೆ ನಾನು ಅವಳ ಮನೆಯಲ್ಲಿದ್ದಾಗ ಅವಳಿಗೆ ಕಲಿಸಿದ ಮೇಷ್ಟ್ರೊಬ್ಬರ ಫೋನು ಬಂತು. ಘಟ್ಟದ ಮೇಲೆ ವಿಮಾನ ಹಾರಿಸಲು ಕಲಿಸುವ ಶಾಲೆಯೊಂದಕ್ಕೆ ರಿಪೇರಿಯವರು ಬೇಕಾಗಿದ್ದರು. ಭಾವನೂ ಹೋಗು ಎಂದ. ಅವಳು ಫೋನಿನಲ್ಲಿ ಮೆಲ್ಲಗೆ ಬೇಡ ಸರ್ ಎಂದಳು. ಅಲ್ಲಿಯ ವಿಮಾನದಲ್ಲಿ ಮನುಷ್ಯರು ಕೂರುತ್ತಾರೆ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ ಎಂದಳು. ನಾನು ಚಹಾ ಕುಡಿಯುತ್ತಿದ್ದೆ. ಕುಡಿದು ಮುಗಿಸಿ ಮಂಜಗುಣಿಗೆ ಬಂದೆ.

ಅಷ್ಟರಲ್ಲಿ ಅವಳಿಗೆ ಒಂದು ಚಾಳಿ ಹತ್ತಿತ್ತು. ಮನೆಯ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗಿ ನೋಡುವುದು. ಗ್ಯಾಸಿನ ಗುಂಡಿ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ಸು ಬರುವುದು. ಎಲ್ಲರೂ ಚೇಷ್ಟೆ ಮಾಡುತ್ತಿದ್ದರು, ಅವಳೂ ಸೇರಿ ನಗುತ್ತಿದ್ದಳು. ನಾನೂ ನಕ್ಕಿದ್ದೇನೆ.

ಒಂದು ದಿನ ಅಂಕೋಲೆಯಲ್ಲಿ ನೆಂಟರ ಮದುವೆ. ಹಿಂದಿನ ದಿನವೇ ತಂಗಿಯ ಮನೆಗೆ ಹೋಗಿದ್ದ ನಾನೂ ಸೇರಿ ತೋಡೂರಿನಿಂದ ಒಂದು ಟೆಂಪೊ ಮಾಡಿಕೊಂಡು ಹೊರಟಿದ್ದೆವು. ಅವರ್ಸಾ ಹತ್ತಿರ ಬಂದಾಗ ತಂಗಿಯ ಮುಖ ಬಿಳಿಚಿತು. ಗ್ಯಾಸು, ಎಂದಳು. ನೀ ಬಂದ್ ಮಾಡಿದ್ದನ್ನು ನಾನೇ ನೋಡಿದ್ದೇನೆ ಎಂದು ಅವಳ ಅತ್ತೆ ಹೇಳಿದರೂ ಕೇಳಲಿಲ್ಲ, ಗಾಡಿ ನಿಲ್ಲಿಸಿ ಎಂದಳು. ಭಾವ ಹಿಂದಿನ ಸೀಟಿನವರ ಕಡೆ ತಿರುಗಿ, “ನಿಲ್ಸೂದೇ ಚಲೋ ಮಾರಾಯ್ರೇ. ನೆಲದ ಮೇಲೆ ನಿಂತ ವಿಮಾನವನ್ನೇ ಮುಳುಗಿಸ್ದವಳು ಇವ್ಳು” ಎಂದ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಸೀರೆಯ ನೆರಿಗೆ ಹಿಡಿದುಕೊಂಡು, ತಲೆಯಲ್ಲಿ ಅಬ್ಬಲಿಗೆ ಮುಡಿದುಕೊಂಡು, ಹೆದ್ದಾರಿಯ ಬದಿಗೆ ಇಳಿದು ನಗುತ್ತಿದ್ದಳು. ನನಗೆ ಕೂರಲಾಗಲಿಲ್ಲ. ಅವಳ ಜೊತೆ ಇಳಿದೆ.

ಬಸ್ಸು ಹಿಡಿದು ತೋಡೂರಿಗೆ ವಾಪಸ್ಸು ಬಂದೆವು. ಅಡುಗೆಮನೆಯಲ್ಲಿ ಅವಳು ಸಿಲಿಂಡರಿನ ಗುಂಡಿಯನ್ನು ಮುಟ್ಟಿ, ತಿರುಗಿಸಿ ನೋಡಿ, ಬಂದ್ ಅದೆ ಎಂದಳು. ಮತ್ತೊಮ್ಮೆ ಮುಟ್ಟಿದಳು. ಅವಳ ಕೈ ಇನ್ನೂ ಗುಂಡಿಯ ಮೇಲೆ ಇರುವಾಗಲೇ ನಾನು ಹೇಳಿದೆ. ವಿಮಾನದ ತೂತು ಮುಚ್ಚಿದ್ದು ನಾನು ಎಂದೆ.

ಅವಳು ತಿರುಗಲಿಲ್ಲ. “ಯಾವ ತೂತು?”

“ಎಲ್ಲಾ.”

“ಬಾಲದ್ದೂ?”

“ಬಾಲದ್ದೂ.”

“ಎಂತದ್ರಲ್ಲಿ?”

“ಹತ್ತಿ, ರಾಳ. ದೋಣಿಗೆ ಹಾಕೂದೇ.”

“ತೆಗೆದದ್ದು ಯಾವಾಗ?”

“ನೀ ಬರೂಕೆ ಎರಡು ದಿನ ಮೊದ್ಲು.”

ಪರೀಕ್ಷೆಯ ಪ್ರಶ್ನೆ ಕೇಳುವವಳ ಹಾಗೆ ಒಂದೊಂದೇ ಕೇಳಿದಳು. ಎಲ್ಲ ಮುಗಿದ ಮೇಲೆ ಕಟ್ಟೆಗೆ ಒರಗಿ ನಿಂತಳು.

“ಅಂದ್ರೆ ನಾ ತಂತಿ ಹಾಕಿದ್ದೆ” ಎಂದಳು.

“ನೀ ಹಾಕಿದ್ದೆ ತಂಗೀ. ನಾನೇ ನೋಡಿದ್ದೆ.”

“ನಾ ಹಾಕಿದ್ದೆ ದಾದಾ. ಒಂದೊಂದಕ್ಕೂ ಹಾಕಿದ್ದೆ.”

ಆಮೇಲೆ ಅತ್ತಳು. ನನ್ನ ಮೇಲಿನ ಸಿಟ್ಟಿಗಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದು ಹೇಳಿದಳು, “ಅವತ್ತೇ ಹೇಳಿದ್ರೆ ನಿಂಗೆ ನಾಲ್ಕು ಮಾತು ಬೈತಿದ್ದೆ. ಒಂದು ವಾರ ಮಾತು ಬಿಡ್ತಿದ್ದೆ. ಅಷ್ಟೇ ಆಗ್ತಿತ್ತು.” ಸೆರಗಿನಿಂದ ಮುಖ ಒರೆಸಿಕೊಂಡು, “ನೀ ಈಗ ಮದುವೆಗೆ ಹೋಗು. ನಂಗೆ ತಲೆನೋವು ಅಂತ ಹೇಳು” ಎಂದಳು. ನಾನು ಹೋಗಿ ಹಾಗೆಯೇ ಹೇಳಿದೆ.

ಭಾವನಿಗೂ ಆಯಿಗೂ ನಾನು ಒಬ್ಬೊಬ್ಬರಿಗೇ ಹೇಳಿದೆ. ಆಯಿ ಬಹಳ ದಿನ ನನಗೆ ಬಡಿಸುವಾಗ ಮಾತಾಡಲಿಲ್ಲ. ಭಾವ ಆ ಚೇಷ್ಟೆಯನ್ನು ನಿಲ್ಲಿಸಿದ. ತಂಗಿಯ ಫೋನು ಬರಲಿಲ್ಲ, ನಾನು ಮಾಡಿದರೆ ಆಯಿಯ ಆರೋಗ್ಯ ಕೇಳಿ ಇಡುತ್ತಿದ್ದಳು. ನಿಜ ಗೊತ್ತಾಗಿದೆ, ಇನ್ನು ಅವಳು ಸರಿಹೋಗುತ್ತಾಳೆ, ಮೇಷ್ಟ್ರಿಗೆ ಫೋನು ಮಾಡಿದರೂ ಮಾಡಿಯಾಳು ಎಂದು ನಾನು ಆಸೆ ಇಟ್ಟುಕೊಂಡಿದ್ದೆ.

ಮಳೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಎಂಜಿನ್ನಿನ ಸಾಮಾನು ತರಲು ಕಾರವಾರದ ಬಸ್ಸಿನಲ್ಲಿ ಹೋಗುತ್ತಿದ್ದೆ. ತೋಡೂರಿನಲ್ಲಿ ತಂಗಿ ಹತ್ತಿದಳು. ನನ್ನನ್ನು ನೋಡಿ ಒಂದು ಕ್ಷಣ ನಿಂತು, ಪಕ್ಕದಲ್ಲೇ ಬಂದು ಕುಳಿತಳು. ಆಯಿ ಹೇಗಿದ್ದಾಳೆ ಎಂದು ಕೇಳಿದಳು. ಹೇಳಿದೆ. ಬಿಣಗಾ ಹತ್ತಿರ ಬರುವಾಗ ಅವಳು ಚೀಲದಲ್ಲಿ ಕೈ ಹಾಕಿ ಮನೆಯ ಕೀಲಿಕೈಯನ್ನು ಹಿಡಿದುಕೊಂಡಳು. ಮುಖ ಅವತ್ತಿನ ಹಾಗೆಯೇ ಬಿಳಿಚುತ್ತ ಬಂತು.

“ನೀ ಕೆಲ್ಸಕ್ಕೆ ಹೋಗು ತಂಗೀ. ಕೀಲಿ ಕೊಡು, ನಾ ಹೋಗಿ ನೋಡಿ ಫೋನು ಮಾಡ್ತೆ” ಎಂದೆ.

ಅವಳು ನನ್ನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ, ಕೊಂಕೂ ಇರಲಿಲ್ಲ.

“ನೀ ನೋಡಿ ಹೇಳಿದ್ರೆ ನಾ ಹ್ಯಾಂಗೆ ನಂಬ್ಲಿ, ದಾದಾ?”

ಬಿಣಗಾದಲ್ಲಿ ಬಸ್ಸು ನಿಂತಾಗ ಇಳಿದಳು. ನನ್ನ ಬಸ್ಸು ಹೊರಟಿತು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಎರಡೂ ಕಡೆ ನೋಡಿ, ಲಾರಿಯೊಂದು ಹೋಗಲಿ ಎಂದು ಕಾದು, ರಸ್ತೆ ದಾಟಿ, ವಾಪಸ್ಸು ಹೋಗುವ ಬಸ್ಸಿಗಾಗಿ ಆಚೆ ಬದಿಯಲ್ಲಿ ನಿಂತಳು.